ಸಂಡೂರಿನ ಇಳಿಜಾರು, ಗಟ್ಟಿಯಾದ ಬ್ರೇಕು

ಬ್ರೇಕು ಹೋಯಿತು ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಹೋಗುವುದಿಲ್ಲ ಸ್ವಾಮಿ, ಅಲ್ಲೇ ಇರುತ್ತದೆ. ಕಾಲ ಕೆಳಗೇ ಇರುತ್ತದೆ, ಕಲ್ಲಿನ ಹಾಗೆ ಗಟ್ಟಿಯಾಗಿ. ತುಳಿದರೆ ಇಳಿಯುವುದಿಲ್ಲ. ಎರಡೂ ಕಾಲಿಟ್ಟು, ಸೀಟಿನಿಂದ ಎದ್ದು, ಸ್ಟೀರಿಂಗನ್ನು ಎದೆಗೆ ಅವುಚಿಕೊಂಡು ತುಳಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ ನನಗೆ ಆದದ್ದು ಇದೇ. ಹಿಂದೆ ಮಂಚದ ಮೇಲೆ ನನ್ನ ಹೆಂಡತಿ ಮಲಗಿದ್ದಳು.

ಮಲಗಿದ್ದಳು ಎಂದರೆ ನಿದ್ದೆಯಲ್ಲ. ನಾಲ್ಕು ವರ್ಷದ ಹಿಂದೆ ಅವಳ ಬೆನ್ನುಮೂಳೆಯ ಆಪರೇಷನ್ ಆಯಿತು. ಅಂದಿನಿಂದ ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲು ಆಗುವುದಿಲ್ಲ. ಮನೆಯೊಳಗೆ ಗೋಡೆ ಹಿಡಿದು ನಡೆಯುತ್ತಾಳೆ, ಒಲೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾಳೆ, ಮತ್ತೆ ಬಂದು ಮಲಗುತ್ತಾಳೆ. ಬಸ್ಸಿನಲ್ಲೋ ಕಾರಿನಲ್ಲೋ ಕೂತು ಹೋಗುವ ಮಾತೇ ಇಲ್ಲ. ಅವಳ ತವರು ಕಂಪ್ಲಿ; ಹೊಸಪೇಟೆಯ ನಮ್ಮ ಮನೆಗೆ ಅಷ್ಟು ಹತ್ತಿರವಿದ್ದರೂ ನಾಲ್ಕು ವರ್ಷದಿಂದ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಒಬ್ಬಳೇ ತಂಗಿಯನ್ನು ಸಂಡೂರಿನ ಆಚೆ, ಚೋರನೂರಿಗೆ ಕೊಟ್ಟಿದೆ. ಆ ತಂಗಿ ಹೊಸ ಮನೆ ಕಟ್ಟಿಸಿದ್ದಳು. ವಿಡಿಯೋ ಕಾಲ್ ಮಾಡಿ ಪಡಸಾಲೆ, ಅಡುಗೆಮನೆ, ಹಿತ್ತಿಲಿನ ನುಗ್ಗೆಗಿಡ ಎಲ್ಲ ತೋರಿಸುತ್ತಿದ್ದಳು. ಇವಳು ಮೊಬೈಲನ್ನು ಮುಖದ ಮೇಲೆ ಎತ್ತಿ ಹಿಡಿದು ‘ಮಸ್ತ್ ಐತೆವ್ವಾ, ಮಸ್ತ್ ಐತಿ’ ಎನ್ನುವುದು. ಫೋನು ಇಟ್ಟ ಮೇಲೆ ಎಷ್ಟೋ ಹೊತ್ತು ಮೇಲಿನ ಫ್ಯಾನನ್ನೇ ನೋಡುತ್ತಾ ಮಲಗಿರುವುದು. ನನಗೆ ನೋಡಲು ಆಗುತ್ತಿರಲಿಲ್ಲ.

ಅದಕ್ಕೇ ಆ ಗಾಡಿ ತಂದೆ. ಯಾವುದೋ ಕಾರ್ಖಾನೆಯ ಕೆಲಸಗಾರರನ್ನು ಹೊತ್ತು ಮುದಿಯಾಗಿದ್ದ ಡೀಸೆಲ್ ಮಿನಿ ಬಸ್ಸು. ಸೀಟುಗಳನ್ನು ಕೀಳಿಸಿ ಮಂಚ ಕೂರಿಸಿದೆ, ಗ್ಯಾಸಿನ ಒಲೆ ಇಡಿಸಿದೆ, ನೀರಿನ ಟ್ಯಾಂಕು, ಮೂಲೆಯಲ್ಲಿ ಒಂದು ಪುಟ್ಟ ಕಕ್ಕಸು, ಕಿಟಕಿಗೆ ಪರದೆ. ಮಂಚವನ್ನು ಕಿಟಕಿಯ ಎತ್ತರಕ್ಕೇ ಮಾಡಿಸಿದ್ದೆ, ಮಲಗಿದಲ್ಲಿಂದಲೇ ಹೊರಗೆ ಕಾಣಲಿ ಎಂದು. ಮೂವತ್ತು ವರ್ಷ ಸಂಡೂರಿನ ಗಣಿಗಳಿಂದ ಅದಿರಿನ ಲಾರಿ ಇಳಿಸಿದವನು ನಾನು. ಆ ಗುಡ್ಡದ ಒಂದೊಂದು ತಿರುವೂ ನನಗೆ ಕಣ್ಣುಮುಚ್ಚಿದರೂ ಗೊತ್ತು. ‘ನಾನಿರೂತನಕ ನಿನಗ್ಯಾಕ ಚಿಂತಿ, ಚೋರನೂರಿಗೆ ಹೂವಿನಂಗ ಕರ್ಕೊಂಡು ಹೋಗ್ತೀನಿ’ ಎಂದು ಜಂಬ ಕೊಚ್ಚಿಕೊಂಡೇ ಅವಳನ್ನು ಹತ್ತಿಸಿದ್ದೆ.

ಆ ದಿನ ಮೊದಲ ತಿರುವು ಚೆನ್ನಾಗಿಯೇ ಆಯಿತು. ಎರಡನೆಯದೂ ಆಯಿತು. ಮೂರನೆಯದಕ್ಕೆ ಕಾಲಿಟ್ಟೆ ನೋಡಿ, ಪೆಡಲು ಅರ್ಧ ಇಳಿದು ನಿಂತುಬಿಟ್ಟಿತು. ಮತ್ತೆ ತುಳಿದೆ, ಅದೂ ಇಲ್ಲ. ಎದುರಿಗೆ ಬರುತ್ತಿದ್ದ ಲಾರಿ ಹಾರನ್ ಹೊಡೆಯುತ್ತಿತ್ತು. ಹ್ಯಾಂಡ್‌ಬ್ರೇಕು ಎಳೆದೆ, ಗಾಡಿ ಕಿರ್ರೆಂದು ವಾಲಾಡಿತು. ರಸ್ತೆ ಅಗಲ ಮಾಡಲು ಎಡಗಡೆ ಮಣ್ಣು ಸುರಿದಿದ್ದರು. ಅದಕ್ಕೇ ಗಾಡಿಯ ಪಕ್ಕೆ ಉಜ್ಜಿಸುತ್ತಾ, ಉಜ್ಜಿಸುತ್ತಾ, ಕೊನೆಗೂ ನಿಲ್ಲಿಸಿದೆ. ಹಿಂದೆ ಪಾತ್ರೆಗಳೆಲ್ಲ ಉರುಳಿಬಿದ್ದ ಸದ್ದು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

‘ರೀ, ಅದೀರಿಲ್ಲೋ?’ ಎಂದು ಅವಳೇ ಕೇಳಿದಳು.

‘ಅದೀನಿ. ನೀನು?’

‘ನಾನೂ ಅದೀನಿ. ಸಾರಿನ ಪುಡಿ ಚೆಲ್ಲಿ ಹೋತು ನೋಡ್ರಿ.’

ಹೊರಡುವಾಗ ಬೆಲ್ಟು ಹಾಕಿ ಅವಳನ್ನು ಮಂಚಕ್ಕೆ ಕಟ್ಟಿದ್ದೆ, ಆ ಬೆಲ್ಟು ಉಳಿಸಿತು. ನಾನು ಅದನ್ನು ಬಿಚ್ಚಲು ತಡಕಾಡುವಷ್ಟರಲ್ಲಿ ಅವಳೇ ಬಿಚ್ಚಿಕೊಂಡಳು. ನೀರು ಕುಡಿದು ಅರ್ಧ ಗಂಟೆ ಕೂತೆ. ಆಮೇಲೆ ಗಾಡಿ ಶುರು ಮಾಡಿ ಪೆಡಲು ತುಳಿದು ನೋಡಿದರೆ ಬೆಣ್ಣೆಯಂತೆ ಇಳಿಯಿತು. ನನ್ನ ತಲೆ ಕೆಡಿಸಿದ್ದೇ ಅದು. ಕೆಟ್ಟದ್ದು ಕೆಟ್ಟೇ ಇರಬೇಕಲ್ಲ? ಚೋರನೂರಿನ ಆಸೆ ಬಿಟ್ಟು, ಗಾಡಿ ತಿರುಗಿಸಿ, ಒಂದನೇ ಗೇರಿನಲ್ಲಿ ಇರುವೆಯ ಹಾಗೆ ಹರಿದುಕೊಂಡು ಹೊಸಪೇಟೆಗೆ ಬಂದೆ. ದಾರಿಯುದ್ದಕ್ಕೂ ಬ್ರೇಕು ಸರಿಯಾಗೇ ಇತ್ತು.

ಅವಳನ್ನು ಮನೆಯಲ್ಲಿ ಮಲಗಿಸಿ ನೇರ ಮೇಸ್ತ್ರಿಯ ಹತ್ತಿರ ಹೋದೆ. ಮರಿಯಮ್ಮನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಅವನ ಗ್ಯಾರೇಜು. ನನಗಿಂತ ಹತ್ತು ವರ್ಷ ಚಿಕ್ಕವನು. ಬಾಯಲ್ಲಿ ಸದಾ ಎಲೆಅಡಿಕೆ, ಮಾತು ಕಮ್ಮಿ. ಗಾಡಿಯ ಎಂಜಿನ್, ಬ್ರೇಕು ಎಲ್ಲ ನೋಡಿ ‘ಹೋಗಿ ಬರ್ರಿ’ ಎಂದು ಕಳಿಸಿದವನು ಅವನೇ. ನಾನು ಗಾಡಿಯಿಂದ ಇಳಿಯುವ ಮೊದಲೇ ಬೈಗುಳ ಶುರು ಮಾಡಿದೆ. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಮೂಗಿನ ಮೇಲೇ ಇರುತ್ತದೆ. ಅವನು ಎಲ್ಲ ಕೇಳಿಸಿಕೊಂಡು, ಉಗುಳಿ ಬಂದು, ಗಾಡಿಯ ಕೆಳಗೆ ಹೋದ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ ನನಗೆ ತಿಳಿಸಿ ಹೇಳಿದ: ‘ಅಣ್ಣಾ, ಇದು ನಿಮ್ಮ ಲಾರಿ ಗಾಳಿ ಬ್ರೇಕ್ ಅಲ್ಲ. ಇದು ವ್ಯಾಕ್ಯೂಮ್. ನೀವು ಪೆಡಲ್ ತುಳಿದಾಗ ಈ ಬೂಸ್ಟರ್ ಡಬ್ಬಿ ಐತಲ್ಲ, ಇದು ನಿಮ್ಮ ಕಾಲಿಗೆ ಜೋಡಿಯಾಗಿ ಒತ್ತತೈತಿ. ಅದು ಒತ್ತಬೇಕಂದ್ರ ಅದ್ರೊಳಗಿನ ಗಾಳೀನ ಯಾರರ ಹೀರಬೇಕು. ಡೈನಮೋ ಹಿಂದ ಒಂದು ಸಣ್ಣ ಪಂಪ್ ಐತಿ, ಅದು ಹೀರತೈತಿ. ಹೀರೋದು ಕಮ್ಮಿ ಆತಂದ್ರ ಜೋಡಿ ಯಾರೂ ಇಲ್ಲ. ಬರೇ ನಿಮ್ಮ ಕಾಲಿನ ಶಕ್ತಿ ಅಷ್ಟ.’

ಪಂಪು ಸವೆದಿದೆ ಎಂದ. ಅಲ್ಲಿಂದ ಬೂಸ್ಟರಿಗೆ ಹೋಗುವ ಪೈಪನ್ನು ಯಾರೋ ತೆಳ್ಳಗಿನದು ಹಾಕಿದ್ದಾರೆ, ಬಿಸಿಯಾದಾಗ ಹೀರುವ ರಭಸಕ್ಕೆ ಅದೇ ಒಳಗೆ ಅಂಟಿಕೊಳ್ಳುತ್ತದೆ ಎಂದ. ಮಂಚ, ನೀರು, ಬ್ಯಾಟರಿ ಎಂದು ನಾನು ಭಾರವನ್ನೂ ಹೇರಿದ್ದೆನಲ್ಲ, ಮುದಿ ಬ್ರೇಕಿಗೆ ಅದು ಹೆಚ್ಚಾಯಿತು ಎಂದ. ಎಲ್ಲವೂ ನಿಜವೇ. ಪಂಪು ಹೊಸದು ಬಂತು, ದಪ್ಪ ಪೈಪು ಬಂತು, ನಾಲ್ಕೂ ಚಕ್ರದ ಲೈನರ್ ಬದಲಾಯಿತು. ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕೈದು ಸಲ ತುಳಿಯಲು ಹೇಳಿದ. ಗಟ್ಟಿಯಾಯಿತು. ಹಾಗೇ ಕಾಲಿಟ್ಟುಕೊಂಡು ಎಂಜಿನ್ ಶುರು ಮಾಡಲು ಹೇಳಿದ. ಕಾಲ ಕೆಳಗೆ ಪೆಡಲು ತಾನೇ ಮೆಲ್ಲಗೆ ಒಂದಿಷ್ಟು ಕೆಳಗಿಳಿಯಿತು. ‘ನೋಡ್ರಿ, ಕೆಲ್ಸ ಮಾಡ್ತೈತಿ’ ಎಂದ.

ಮೊದಲು ಕಂಪ್ಲಿಗೆ ಹೋದೆವು. ದಾರಿಯೆಲ್ಲ ಸಪಾಟು. ಎರಡೂ ಕಡೆ ಭತ್ತದ ಗದ್ದೆ, ಕಬ್ಬು, ಕಾಲುವೆ. ಅವಳು ಮಲಗಿಕೊಂಡೇ ‘ಇದು ಯಾರ ಗದ್ದಿ, ಅದು ಯಾರ ಗದ್ದಿ’ ಎಂದು ಹೇಳುತ್ತಾ ಬಂದಳು. ತವರಿನ ಓಣಿಯಲ್ಲಿ ಗಾಡಿ ನಿಂತರೆ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹತ್ತಿ ಬಂದು ಮಂಚದ ಸುತ್ತ ಕೂತರು. ಅವಳು ನಕ್ಕದ್ದನ್ನು ಎಷ್ಟು ದಿನವಾದ ಮೇಲೆ ಕಂಡೆನೋ! ಇನ್ನೊಂದು ದಿನ ಹಂಪಿಯ ಕಡೆ ಹೋಗಿ, ಬಂಡೆಗಳ ನೆರಳಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದಿಟ್ಟು ಉಪ್ಪಿಟ್ಟು ಮಾಡಿ ತಿಂದೆವು. ಬ್ರೇಕು ಎಲ್ಲಿ ಒತ್ತಿದರೆ ಅಲ್ಲಿ ನಿಲ್ಲುತ್ತಿತ್ತು. ನನ್ನ ಭಯ ಕರಗಿತು. ‘ಇನ್ನ ಚೋರನೂರು’ ಎಂದೆ. ಅವಳು ತಲೆಯಾಡಿಸಿದಳು.

ಎರಡನೆಯ ಸಲ ಮೂರನೇ ತಿರುವು ದಾಟಿದೆ. ಬ್ರೇಕು ಹಿಡಿಯಿತು. ಹಾಡು ಗುನುಗುತ್ತಿದ್ದೆನೋ ಏನೋ, ನೆನಪಿಲ್ಲ. ನಾಲ್ಕನೆಯದಕ್ಕೆ ಮತ್ತೆ ಅದೇ ಕಲ್ಲು.

ಈ ಸಲ ಮಣ್ಣಿನ ಗುಡ್ಡೆ ಇರಲಿಲ್ಲ. ಎಡಕ್ಕೆ ಕಂದಕ. ‘ಶಿವನೇ, ಶಿವನೇ’ ಎಂದು ಕಿರುಚುತ್ತಾ ಗೇರಿನ ಕಡ್ಡಿಯನ್ನು ಎಲ್ಲಿಗೋ ತುರುಕಿದೆ, ಕ್ಲಚ್ಚಿನ ಮೇಲಿನ ಕಾಲು ಜಾರಿತು, ಗಾಡಿ ಮುಗ್ಗರಿಸಿದ ಎತ್ತಿನ ಹಾಗೆ ಜರ್ಕು ಹೊಡೆದು ಗುರ್ರೆಂದಿತು, ಹೇಗೋ ನಿಧಾನವಾಯಿತು. ಕಂದಕದ ಅಂಚಿನ ಕಲ್ಲಿಗೂ ಮುಂದಿನ ಚಕ್ರಕ್ಕೂ ನಡುವೆ ನನ್ನ ಮೊಳದಷ್ಟು ಜಾಗ ಉಳಿದಿತ್ತು. ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟು, ಅಲ್ಲೇ ರಸ್ತೆಯ ಪಕ್ಕ ವಾಂತಿ ಮಾಡಿಕೊಂಡೆ. ಅವಳು ಕಿಟಕಿಯಿಂದ ನೀರಿನ ಬಾಟಲಿ ಚಾಚಿದಳು.

‘ಆ ಮೇಸ್ತ್ರೀನ ಇವತ್ತ ಬಿಡಲ್ಲ ನಾನು’ ಎಂದೆ.

‘ಅವನ್ನ ಯಾಕ ಬೈತೀರಿ, ಬ್ಯಾಡ್ರಿ’ ಎಂದಳು ಅವಳು. ಮುಖ ಬಿಳಿಚಿಕೊಂಡಿತ್ತು.

ಬಿಡಲಿಲ್ಲ ನಾನು. ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳ ಮುಂದೆ ಅವನ ಕೈಹಿಡಿದೆಳೆದು, ‘ಲೇ, ನನ್ನ ಹೆಂಡ್ತೀನ ಕೊಲ್ಲಬೇಕಂತ ಮಾಡೀಯೇನಲೇ? ಕೆಲ್ಸ ಬರಲ್ಲಂದ್ರ ಪಾನ್ ಅಂಗಡಿ ಹಾಕ್ಕೋ’ ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಅವನ ಮುಖ ಸಣ್ಣದಾಯಿತು. ಗಿರಾಕಿಗಳಲ್ಲಿ ಒಬ್ಬ ತನ್ನ ಗಾಡಿ ತೆಗೆದುಕೊಂಡು ಹೊರಟೇ ಹೋದ. ಮೇಸ್ತ್ರಿ ಮಾತ್ರ ‘ಗಾಡಿ ಬಿಟ್ಟು ಹೋಗ್ರಿ’ ಎಂದಷ್ಟೇ ಹೇಳಿದ.

ಆ ಒಂದು ವಾರ ಹೇಗೆ ಕಳೆದೆನೋ ನನಗೇ ಗೊತ್ತು. ಊಟಕ್ಕೆ ಕೂತರೆ ಬಲಗಾಲು ನೆಲವನ್ನು ಒತ್ತುತ್ತಿತ್ತು. ಪೇಟೆಯಲ್ಲಿ ಯಾರದೋ ಆಟೋ ಹತ್ತಿದರೆ ಅವನ ಬ್ರೇಕು ನಾನು ತುಳಿಯುತ್ತಿದ್ದೆ. ಲಾರಿಯ ಕಾಲದಲ್ಲಿ ಎಷ್ಟೋ ಗಾಡಿ ಉರುಳಿದ್ದನ್ನು ಕಂಡವನು, ಟೀ ಕುಡಿದು ಮುಂದೆ ಹೋದವನು ನಾನು. ಅವಾಗ ಹಿಂದೆ ಇದ್ದದ್ದು ಅದಿರು. ಈಗ ಬೆಲ್ಟಿನಲ್ಲಿ ಕಟ್ಟಿಸಿಕೊಂಡು ಮಲಗಿದವಳು, ಕೆಳಗೆ ಹಾರಲೂ ಆಗದವಳು. ಅದನ್ನು ನೆನೆದಾಗಲೆಲ್ಲ ಗಾಡಿ ಮಾರಿಬಿಡೋಣ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಆದರೆ ಅವಳು ಚೋರನೂರಿಗೆ ಒಯ್ಯಲು ತಂಗಿಯ ಹೊಸ ಮನೆಗೆಂದು ತೋರಣ ಹೆಣೆಯುತ್ತಿದ್ದಳು, ಮಲಗಿಕೊಂಡೇ, ಎದೆಯ ಮೇಲೆ ಮಣಿಗಳ ತಟ್ಟೆ ಇಟ್ಟುಕೊಂಡು. ಹೇಗೆ ಹೇಳಲಿ?

ಮೇಸ್ತ್ರಿ ಈ ಸಲ ಯಾವುದಕ್ಕೂ ಹಿಂದೆಮುಂದೆ ನೋಡದೆ ಮಾಡಿದ್ದ. ಮೊದಲಿನದಕ್ಕಿಂತ ದೊಡ್ಡ ಬೂಸ್ಟರ್ ಡಬ್ಬಿ. ಬಸ್ಸಿನ ಹೊಟ್ಟೆಯ ಕೆಳಗೆ ಒಂದು ಕಬ್ಬಿಣದ ಸಿಲಿಂಡರು. ಪಂಪು ಹೀರಿದ್ದನ್ನು ಇದು ಕೂಡಿಟ್ಟುಕೊಳ್ಳುತ್ತದಂತೆ, ನಡುವೆ ಒಂದೇ ದಿಕ್ಕಿಗೆ ತೆರೆಯುವ ವಾಲ್ವು. ಪಂಪು ಕೈಕೊಟ್ಟರೂ ಒಂದಷ್ಟು ಸಲ ಬ್ರೇಕು ಹಿಡಿಯುತ್ತದೆ. ಸ್ಟೀರಿಂಗಿನ ಪಕ್ಕ ಒಂದು ಮೀಟರು ಕೂರಿಸಿದ್ದ. ಹೀರುವ ಶಕ್ತಿ ಎಷ್ಟಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಟಿ.ಬಿ. ಡ್ಯಾಂನ ಗುಡ್ಡದ ಮೇಲಿನ ಬಂಗಲೆಯ ರಸ್ತೆಗೆ ಒಯ್ದು ತಾನೇ ಓಡಿಸಿ ತೋರಿಸಿದ. ಹತ್ತಿಸಿ ಇಳಿಸಿದ, ಮತ್ತೆ ಹತ್ತಿಸಿ ಇಳಿಸಿದ. ಮುಳ್ಳು ಅಲುಗಲಿಲ್ಲ. ಬ್ರೇಕು ಬೆರಳಲ್ಲಿ ಒತ್ತಿದರೂ ಹಿಡಿಯುವ ಹಾಗಿತ್ತು.

‘ಇಲ್ಲಿ ಹಿಡಿತೈತಿ, ಅಲ್ಲಿ ಯಾಕ ಹಿಡಿಲಿಲ್ಲ?’ ಎಂದೆ.

‘ಅದನ್ನ ನಾನೂ ನೋಡಬೇಕು. ಸಂಡೂರು ಗುಡ್ಡಕ್ಕ ನಾಳೆ ಹೋಗೂನು. ನೀವ ಓಡಿಸ್ರಿ, ನಾ ಬಾಜೂಕ ಕುಂದರ್ತೀನಿ. ಅಕ್ಕಾರನ್ನ ಕರ್ಕೊಂಡು ಬರಬ್ಯಾಡ್ರಿ.’

ಬೈಸಿಕೊಂಡವನು, ತನ್ನ ಜೀವ ನನ್ನ ಪಕ್ಕ ತಂದಿಟ್ಟ. ನಾನಾಗಿದ್ದರೆ ಬರುತ್ತಿರಲಿಲ್ಲ.

ಮರುದಿನ ಗುಡ್ಡ ಹತ್ತುವವರೆಗೆ ನನ್ನ ಅಂಗೈ ಬೆವರಿ ಸ್ಟೀರಿಂಗು ಜಾರುತ್ತಿತ್ತು. ಅವನು ಅದನ್ನು ನೋಡಿದ. ನೋಡಿ, ಯಾವತ್ತೂ ಮಾತಾಡದವನು ಮಾತು ತೆಗೆದ: ‘ಅಣ್ಣಾ, ಲಾರಿ ಕಾಲದಾಗ ದಿನಕ್ಕ ಎಷ್ಟು ಟ್ರಿಪ್ ಹೊಡಿತಿದ್ರಿ?’ ನನ್ನ ಲಾರಿಯ ಸುದ್ದಿ ಯಾರಾದರೂ ಕೇಳಿದರೆ ಮುಗಿಯಿತು. ಗಣಿಯ ಕೆಂಪು ಧೂಳು, ಸಾಲು ನಿಂತ ಲಾರಿಗಳು, ನಾಲ್ಕು ಗಂಟೆ ನಿದ್ದೆ, ಡಾಬಾದ ಮೊಟ್ಟೆ ಸಾರು ಎಲ್ಲ ಹೇಳತೊಡಗಿದೆ. ಇಳಿಜಾರು ಶುರುವಾದದ್ದು ನನ್ನ ಗಮನಕ್ಕೇ ಬರಲಿಲ್ಲ. ಒಂದು ತಿರುವು, ಎರಡು ತಿರುವು. ಅವನು ‘ಹೌದೇನ್ರಿ, ಹೌದೇನ್ರಿ’ ಎನ್ನುತ್ತಿದ್ದ.

ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದ. ‘ಮೀಟರ್ ನೋಡ್ರಿ.’

ಮುಳ್ಳು ಬೀಳುತ್ತಿತ್ತು. ನಾನು ಒಂದು ಸಲ ಬ್ರೇಕು ಒತ್ತಿದೆ, ಒಂದು ಹೆಜ್ಜೆ ಕೆಳಗೆ ಬಂತು. ಇನ್ನೊಂದು ಸಲ ಒತ್ತಿದೆ, ಇನ್ನೊಂದು ಹೆಜ್ಜೆ.

‘ಕಿವಿಗೊಟ್ಟು ಕೇಳ್ರಿ. ಎಂಜಿನ್ ಎಲ್ಲೈತಿ?’

ಗಾಳಿಯ ಸುಯ್ ಎನ್ನುವ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಎಂಜಿನ್ ನಿಂತಿತ್ತು. ಗೇರು ನ್ಯೂಟ್ರಲ್‌ನಲ್ಲಿತ್ತು. ನನ್ನ ಎಡಗೈ ಸ್ಟೀರಿಂಗಿನ ಕೆಳಗಿನ ಗುಂಡಿಯ ಮೇಲೇ ಇತ್ತು. ಹಳೆಯ ಡೀಸೆಲ್ ಗಾಡಿ ನೋಡಿ, ಬೀಗದಕೈ ತಿರುಗಿಸಿದರೆ ನಿಲ್ಲುವುದಿಲ್ಲ. ಆ ಗುಂಡಿ ಹಿಡಿದೆಳೆದರೆ ನಿಲ್ಲುತ್ತದೆ. ಎಳೆದವನು ನಾನೇ.

‘ಗೇರಿಗೆ ಹಾಕ್ರಿ! ಕ್ಲಚ್ ಬಿಡ್ರಿ, ಮೆಲ್ಲಕ!’ ಎಂದು ಕೂಗಿದ. ಹಾಕಿದೆ. ಗಾಡಿ ಒಮ್ಮೆ ಅದುರಿ ಎಂಜಿನ್ ಎದ್ದಿತು. ಮುಳ್ಳು ಮೇಲೇರಿತು. ಬ್ರೇಕು ಹಿಡಿಯಿತು. ರಸ್ತೆಯ ಪಕ್ಕ ಗಾಡಿ ನಿಲ್ಲಿಸಿದೆ.

ಲಾರಿಯ ಕಾಲದಲ್ಲಿ ಆ ಗುಡ್ಡದಲ್ಲಿ ನಾವೆಲ್ಲ ಮಾಡುತ್ತಿದ್ದದ್ದೇ ಅದು. ಮಾಲೀಕ ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಅಳೆದು ಕೊಡುತ್ತಿದ್ದ, ಉಳಿಸಿದ್ದು ಡ್ರೈವರನದು. ಆದ್ದರಿಂದ ಇಳಿಜಾರು ಸಿಕ್ಕರೆ ಸಾಕು, ನ್ಯೂಟ್ರಲ್ ಮಾಡಿ ಎಂಜಿನ್ ಬಂದ್. ತಪ್ಪು ಎಂದು ಗೊತ್ತಿತ್ತು, ಆದರೂ ಎಲ್ಲರೂ ಮಾಡುತ್ತಿದ್ದರು. ಲಾರಿಯಲ್ಲಿ ಗಾಳಿ ತುಂಬಿದ ದೊಡ್ಡ ಟ್ಯಾಂಕುಗಳಿದ್ದವು, ಎಂಜಿನ್ ಇಲ್ಲದಿದ್ದರೂ ಗುಡ್ಡ ಇಳಿಯುವವರೆಗೆ ಬ್ರೇಕು ಸಾಲುತ್ತಿತ್ತು. ಈ ಬಸ್ಸಿನಲ್ಲಿ ಎಂಜಿನ್ ನಿಂತರೆ ಡೈನಮೋ ನಿಂತಿತು, ಪಂಪು ನಿಂತಿತು, ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯಿತು. ಕೆಳಗೆ ಬಂದು ಮತ್ತೆ ಶುರು ಮಾಡಿದರೆ ಎಲ್ಲ ಸರಿ. ಮೂವತ್ತು ವರ್ಷ ಮಾಡಿದ ಕೈ, ಧೈರ್ಯ ಬಂದ ತಕ್ಷಣ ನನ್ನನ್ನು ಕೇಳದೆಯೇ ಹೋಗಿ ಎಳೆದಿತ್ತು. ಎರಡೂ ಸಲ. ಈಗ ಮೂರನೆಯ ಸಲ.

‘ನನಗ ಗೊತ್ತಾಗ್ಲಿಲ್ಲೋ ಮಾರಾಯ’ ಎಂದೆ.

‘ಗೊತ್ತಿದ್ರ ಯಾರು ಮಾಡ್ತಾರ್ರಿ’ ಎಂದ ಅವನು. ಅಷ್ಟೇ. ಒಂದು ಮಾತು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಕೈ ಹಿಡಿದು ಕ್ಷಮಿಸು ಎಂದೆ. ‘ಬಿಡ್ರಣ್ಣಾ’ ಎಂದು ಕೈ ಬಿಡಿಸಿಕೊಂಡ.

ಗ್ಯಾರೇಜಿಗೆ ಬಂದು ಆ ಗುಂಡಿಯನ್ನು ಕಿತ್ತು, ವೈರನ್ನು ಸೀಟಿನ ಹಿಂದಕ್ಕೆ ಎಳೆದು, ಎದ್ದು ನಿಂತರೆ ಮಾತ್ರ ಕೈಗೆ ಸಿಗುವಂತೆ ಮಾಡಿದ. ಮುಳ್ಳು ಬಿದ್ದರೆ ಕಿರುಚುವ ಬಜರ್ ಒಂದನ್ನೂ ಹಾಕಿದ. ‘ಮನೀಗೆ ಹೋಗಿ ಅಕ್ಕಾರಿಗೆ ಹೇಳ್ರಿ’ ಎಂದ ಹೊರಡುವಾಗ.

ಹೇಳಲಿಲ್ಲ. ಹೇಗೆ ಹೇಳಲಿ? ಕೊಲ್ಲಲು ಹೊರಟಿದ್ದವನು ಮೇಸ್ತ್ರಿಯಲ್ಲ, ನಾನು ಎಂದೇ? ಮನೆಗೆ ಹೋಗಿ ‘ವಾಲ್ವ್‌ನಾಗ ಏನೋ ತಪ್ಪು ಮಾಡಿದ್ದನಂತ, ಸರಿ ಮಾಡ್ಯಾನ’ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ‘ಹಂಗಾರ ಯಾವಾಗ ಹೋಗೂನ್ರಿ?’ ಎಂದು ಕೇಳಿದಳು. ಮೊದಲು ಗಾಡಿಗೆ ಹೆದರುತ್ತಿದ್ದೆ. ಈಗ ನನ್ನ ಎಡಗೈಗೆ ಹೆದರತೊಡಗಿದೆ. ಗುಂಡಿ ಹೋಯಿತು ಸರಿ, ಗೇರು ಕೈಗೆ ಸಿಗುತ್ತದಲ್ಲ? ಇನ್ನು ಯಾವ ಯಾವ ಚಾಳಿ ಈ ಕೈಯಲ್ಲಿ ಅಡಗಿದೆಯೋ ಯಾರಿಗೆ ಗೊತ್ತು?

ಅವಳು ಹಟ ಹಿಡಿದಳು, ಹೊರಟೆವು. ಗುಡ್ಡದ ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಮೊದಲು, ಗಾಡಿಯನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಎದ್ದು ಹಿಂದೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತೆ. ಎಂಜಿನ್ ಓಡುತ್ತಲೇ ಇತ್ತು.

‘ನಿನಗೊಂದು ಮಾತು ಹೇಳಬೇಕು. ಬ್ರೇಕ್ ಕೆಟ್ಟಿರಲಿಲ್ಲ. ಎರಡೂ ಸಲ ಎಂಜಿನ್ ಬಂದ್ ಮಾಡಿದಾಂವ ನಾನ. ಲಾರಿ ಚಾಳಿ. ಆ ಮೇಸ್ತ್ರಿದು ಏನೂ ತಪ್ಪಿಲ್ಲ’ ಎಂದೆ.

ಅವಳು ಕಿಟಕಿಯ ಹೊರಗೆ ನೋಡುತ್ತಾ ಇದ್ದಳು.

‘ನನಗ ಗೊತ್ತೈತಿ’ ಎಂದಳು.

‘ಮೇಸ್ತ್ರಿ ಹೇಳಿದನೇನು?’

‘ಅವ ಯಾಕ ಹೇಳ್ತಾನ? ಎಂಜಿನ್ ನಡುಗಿದ್ದೆಲ್ಲ ಮಂಚದಾಗ ಹಾದು ನನ್ನ ಬೆನ್ನಿಗೇ ಬರ್ತೈತಿ. ನಿಂತ್ರ ನೋವು ಪಟ್ಟನ ಕಮ್ಮಿ ಆಗ್ತೈತಿ. ಮೊದಲ್ನೇ ಸಲ, ಅಬ್ಬಾ ಅಂತ ಉಸಿರು ಬಿಟ್ಟೆ. ಆಮ್ಯಾಲೆ ಬ್ರೇಕ್ ಹಿಡಿಲಿಲ್ಲ. ಎರಡನೇ ಸಲಾನೂ ಹಂಗ ಆತು. ಅವಾಗ ತಿಳೀತು, ನೀವು ಬಂದ್ ಮಾಡೋದಕ್ಕ ಹಿಂಗಾಗ್ತೈತಿ ಅಂತ.’

‘ಮತ್ತ ಹೇಳಬಾರದೇನ? ಇವತ್ತೂ ಗಾಡಿ ಹತ್ತೀಯಲ್ಲ, ಇವತ್ತೂ ನಾ ಹಂಗ ಮಾಡಿದ್ರ?’

‘ಹೇಳಿದ್ರ ನೀವು ಗಾಡಿ ಮಾರ್ತಿದ್ರಿ’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ‘ನೀವು ಸ್ಟೀರಿಂಗ್ ಬಿಡ್ತಿದ್ರಿ. ನಾ ಹೋಗಿ ಮತ್ತ ಆ ಫ್ಯಾನ್ ಕೆಳಗ ಬೀಳ್ತಿದ್ದೆ. ಸಾಯೋದಕ್ಕಿಂತ ನನಗ ಅದರ ಅಂಜಿಕಿ ಭಾಳರಿ.’

ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ. ಮನೆಯೊಳಗೇ, ನನ್ನ ಎದುರಿಗೇ, ಒಬ್ಬಳು ನಾಲ್ಕು ವರ್ಷ ಆ ಹೆದರಿಕೆ ಹೊತ್ತುಕೊಂಡು ಮಲಗಿದ್ದಳು, ನಾನು ಹೊರಗೆಲ್ಲ ನನ್ನ ಭಯದ ಬಗ್ಗೆ ಕೂಗಾಡುತ್ತಿದ್ದೆ. ಅವಳ ಕಾಲು ಹಿಡಿದು ಅತ್ತೆ. ‘ಏಳ್ರಿ, ಯಾರರ ನೋಡ್ತಾರ’ ಎಂದಳು.

ಮುಖ ತೊಳೆದು ಸ್ಟೀರಿಂಗಿಗೆ ಬಂದೆ. ಎರಡನೇ ಗೇರು ಹಾಕಿದೆ. ಗಾಡಿ ಇಳಿಯತೊಡಗಿತು. ಮೊದಲ ತಿರುವು ಬರುವಷ್ಟರಲ್ಲಿ ಹಿಂದಿನಿಂದ ಅವಳ ಧ್ವನಿ ಕೇಳಿತು: ‘ಎಂಜಿನ್ ಸದ್ದು ಐತಿ.’ ಸ್ವಲ್ಪ ಹೊತ್ತಿಗೆ ಮತ್ತೆ, ‘ಐತಿ.’ ಮತ್ತೆ, ‘ಐತಿ ಹೋಗ್ರಿ.’ ಮೂರನೇ ತಿರುವು, ನಾಲ್ಕನೇ ತಿರುವು. ಕಂದಕದ ಪಕ್ಕ ಹಾಯುವಾಗ ನನ್ನ ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದೆ. ‘ಐತಿ, ಐತಿ’ ಎಂದು ಅವಳು ಹೇಳುತ್ತಲೇ ಇದ್ದಳು.

ಗುಡ್ಡ ಮುಗಿದು ರಸ್ತೆ ಸಪಾಟಾಯಿತು. ‘ಇಳಿದ್ವಿ, ಇನ್ನ ಸಾಕು ಬಿಡು’ ಎಂದೆ. ಅವಳಿಗೆ ಕೇಳಿಸಲಿಲ್ಲವೋ ಏನೋ, ಹೇಳುವುದನ್ನು ನಿಲ್ಲಿಸಲಿಲ್ಲ. ಗಾಡಿ ನಿಲ್ಲಿಸಿ ಹಿಂದೆ ತಿರುಗಿ ನೋಡಿದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮಂಚದ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ನಡುಗುತ್ತಾ, ಅವಳು ಇನ್ನೂ ‘ಐತಿ, ಐತಿ’ ಎನ್ನುತ್ತಿದ್ದಳು.